ಏಳು ಗಂಟೆಯ ಸಾಲು

ಸೋಲೊ, ೧೪ ಜುಲೈ ೧೯೮೭

ಪ್ರೀತಿಯ ತುಲಾಂಗ್,

ನೀವು ನನ್ನ ಸ್ವಂತ ಸೋದರಮಾವನಲ್ಲ. ಆದರೂ ಸಿಯಾಂತಾರಿನ ಚಹಾ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನಿಮ್ಮಿಂದ ಬೈಸಿಕೊಂಡ ಮೇಲೆ ತುಲಾಂಗ್ ಅನ್ನದೆ ಇನ್ನೇನು ಅನ್ನಲಿ? ಸುಮಾತ್ರದಿಂದ ಈ ಜಾವಾಕ್ಕೆ ಹಡಗು, ರೈಲು, ಬಸ್ಸು ಎಲ್ಲ ಸೇರಿ ಆರು ದಿನದ ಪ್ರಯಾಣ. ಸೊಂಟ ಇನ್ನೂ ನನ್ನದು ಅನ್ನಿಸುತ್ತಿಲ್ಲ.

ನಾನು ಮುಖ್ಯಸ್ಥೆಯಾಗಿ ಬಂದಿರುವ ಇಲ್ಲಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಅರವತ್ತೆರಡು ಜನ. ಐವತ್ತು ಹೆಂಗಸರು ಮಲ್ಲಿಗೆ ಚಹಾವನ್ನು ಕಾಗದದ ಪೊಟ್ಟಣಕ್ಕೆ ತುಂಬುತ್ತಾರೆ, ಉಳಿದವರು ಹೊರುವವರು, ಅಂಟಿಸುವವರು. ಉಗ್ರಾಣಕ್ಕೆ ಪಾ ಕರ್ಸಿಮಾನ್ ಅಂತ ಒಬ್ಬ ಮುದುಕ, ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲಿನ ಮೇಲೆ. ಹೆಂಗಸರಿಗೆಲ್ಲ ಹಿರಿಯಳು ಬು ತುಗಿನೆಮ್. ಇಲ್ಲಿ ಮರ್ಯಾದೆಗೆ ಗಂಡಸರನ್ನು ಪಾ, ಹೆಂಗಸರನ್ನು ಬು ಅನ್ನುತ್ತಾರೆ, ನನ್ನನ್ನೂ. ಆದರೂ ಇವರ ಮುಂದೆ ನಾನು ಮೂವತ್ತನಾಲ್ಕರ ಪುಟ್ಟ ಹುಡುಗಿ, ಮೇಲಾಗಿ ಬಟಾಕ್ ಜನಾಂಗದವಳು, ಮೇಲಾಗಿ ದೊಡ್ಡ ದನಿಯವಳು.

ನೀವು ಮಾಡುತ್ತಿದ್ದ ಹಾಗೆಯೇ ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಮೊದಲ ದಿನವೇ ನಾಲ್ಕು ಆಜ್ಞೆ. ಊಟದ ಡಬ್ಬಿಗಳು ಮೇಜಿನ ಮೇಲೆ ಬೇಡ. ತಕ್ಕಡಿ ದಿನಕ್ಕೆರಡು ಸಲ ಪರೀಕ್ಷೆಯಾಗಬೇಕು. ಉಗ್ರಾಣದ ನಡುವೆ ಗುಡ್ಡೆ ಹಾಕಿದ ಚೀಲಗಳು ಪಡುವಣ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ನಡುವೆ ದಾರಿ ಬೇಕು. ಬಾಗಿಲ ಹತ್ತಿರ ಹರಟೆ ಬೇಡ. "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಅಂದೆ. ಅರವತ್ತೆರಡು ಜನ ಒಟ್ಟಿಗೆ ನಕ್ಕು, "ಆಗಲಿ ಬು" ಅಂದರು. ಮಧ್ಯಾಹ್ನದೊಳಗೆ ನಾಲ್ಕೂ ಆಗಿಹೋಗಿತ್ತು!

ಸಿಯಾಂತಾರಿನಲ್ಲಿ ಒಂದು ಬೆಂಚು ಸರಿಸೋಕೆ ಅರ್ಧ ದಿನ ಕೂಗಾಡಬೇಕಿತ್ತಲ್ಲ, ತುಲಾಂಗ್. ಇಲ್ಲಿ ಗಂಟಲಿಗೆ ಕೆಲಸವೇ ಇಲ್ಲ.

ನಿಮ್ಮ
ರೊತುವಾ


ಸಿಯಾಂತಾರ್, ೨೯ ಜುಲೈ ೧೯೮೭

ಮಗಳೇ ರೊತುವಾ,

ನಿನ್ನ ಪತ್ರ ಹನ್ನೆರಡನೇ ದಿನಕ್ಕೆ ಬಂತು. ಹೆಂಡದಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. "ನಾಲ್ಕು ಆಜ್ಞೆ, ಅರ್ಧ ದಿನ" ಅಂದಾಗ ನಿವೃತ್ತ ಪೋಸ್ಟ್‌ಮಾಸ್ಟರ್ ಬಾಯಿಗಿಟ್ಟ ಲೋಟ ಕೆಳಗಿಟ್ಟ. "ಮರುದುತ್, ನಿನಗಿಂತ ದೊಡ್ಡವಳಾದಳಲ್ಲೋ ನಿನ್ನ ಶಿಷ್ಯೆ!" ಅಂದ. ನಾನು ಬೇಸರ ತೋರಿಸಲಿಲ್ಲ.

ಚೀಲ ಹೊರುತ್ತಿದ್ದ ನಾನು ಕಾರ್ಖಾನೆಯ ಮುಖ್ಯಸ್ಥನಾಗಿ ನಿವೃತ್ತನಾದದ್ದು ಬಾಯಿಯ ಬಲದಿಂದ. ಓದಿನಿಂದಲ್ಲ, ನನಗಿರುವುದು ಆರನೇ ಕ್ಲಾಸು. ಒಂದು ಮಾತು ಬರೆದಿಟ್ಟುಕೋ. ಹೇಳಬೇಕಾದ್ದನ್ನು ಎಲ್ಲರ ಮುಂದೆ ಹೇಳು, ಆಗ ಯಾರೂ ತಿರುಚೋಕಾಗಲ್ಲ. ಒಂದು ಸಾಲಿಗೆ ಹತ್ತು ನಿಮಿಷ, ಹನ್ನೊಂದಾದರೆ ಜನ ಕಾಲು ಬದಲಿಸ್ತಾರೆ. ನೀನೇ ಕೊನೆಯ ಮಾತಾಡು. ನಾನು ಇಪ್ಪತ್ತೆರಡು ವರ್ಷದ ಸಾಲುಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ದಿನಕ್ಕೊಂದು ಪುಟ. ಹತ್ತೊಂಬತ್ತು ಪುಸ್ತಕ. ಇಡೀ ಉತ್ತರ ಸುಮಾತ್ರದಲ್ಲಿ ಅಷ್ಟು ಲೆಕ್ಕ ಇಟ್ಟ ಬಾಯಿ ಇನ್ನೊಂದಿಲ್ಲ.

ಯಾರೂ ಎದುರಾಡಲಿಲ್ಲ ಅಂದೆಯಲ್ಲ, ಅದು ನಿನ್ನ ಕೈಗುಣ. ಹಾಗೇ ಹಿಡಿದುಕೋ.

ನನ್ನ ಆರೋಗ್ಯ ಚೆನ್ನಾಗಿದೆ. ಮನೆಗೆ ಜನ ಬರುತ್ತಲೇ ಇರುತ್ತಾರೆ, ಪುರುಸೊತ್ತಿಲ್ಲ.

ಮರುದುತ್ ಹುತಾಪೆಯಾ


ಸೋಲೊ, ೨೦ ಅಕ್ಟೋಬರ್ ೧೯೮೭

ತುಲಾಂಗ್,

ಮೂರು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಎಲ್ಲ ಸರಿಯಾಗಿತ್ತು. ಈಗ ಸರಿಯಿಲ್ಲ.

ಈ ವರ್ಷ ಮಳೆ ಬೇಗ ಶುರುವಾಯಿತು. ಹದಿನೈದು ದಿನದಲ್ಲಿ ಎರಡು ಸಲ ಮಾಲು ವಾಪಸ್ ಬಂದಿದೆ. ಪೊಟ್ಟಣ ಬಿಚ್ಚಿದರೆ ಮಲ್ಲಿಗೆಯ ವಾಸನೆ ಸತ್ತುಹೋಗಿದೆ, ಹಳೇ ಕಂಬಳಿಯ ಮುಗ್ಗಲು ವಾಸನೆ. ಇಲ್ಲಿನ ಜನ ಚಹಾ ಲೋಟ ಕೈಗೆ ತೆಗೆದುಕೊಂಡರೆ ಮೊದಲು ಮೂಸುತ್ತಾರೆ, ಆಮೇಲೆ ಕುಡಿಯುತ್ತಾರೆ. ಅವರಿಗೆ ಮುಗ್ಗಲು ಕೊಟ್ಟರೆ ಕಥೆ ಮುಗಿಯಿತು.

ಸಾಲಿನಲ್ಲಿ ಕೇಳಿದೆ, "ಯಾಕೆ ಹೀಗಾಗ್ತಿದೆ? ಯಾರಿಗೆ ಗೊತ್ತು?" ಎಲ್ಲರೂ ನೆಲ ನೋಡಿದರು. ಬು ತುಗಿನೆಮ್ ಮಾತ್ರ, "ಈ ವರ್ಷ ಮಳೆ ಬೇಗ ಬಂತು ಬು" ಅಂದಳು. ಅದು ನನಗೂ ಕಾಣುತ್ತೆ ಅಂದೆ. ನಕ್ಕಳು. ಪಾ ಕರ್ಸಿಮಾನ್‌ನನ್ನು ಉಗ್ರಾಣದಲ್ಲಿ ಕೇಳಿದರೆ, "ಇನ್ನಷ್ಟು ಎಚ್ಚರಿಕೆಯಿಂದ ನೋಡ್ಕೋತೀನಿ ಬು" ಅನ್ನುತ್ತಾನೆ. ಏನನ್ನು ನೋಡ್ಕೋತಾನೆ? ಹೇಳಲ್ಲ.

ದಿನಾ ಸಾಲಿನಿಂದ ಒಳಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಕೂಗಿ ಸುಸ್ತಾಗುವುದು ನನಗೆ ಗೊತ್ತು. ಇದು ಬೇರೆ ಥರ.

ಜಕಾರ್ತಾದ ಹೆಡ್ಡಾಫೀಸು ವಿವರಣೆ ಕೇಳಿದೆ. ಏನು ಮಾಡಲಿ?

ರೊತುವಾ


ಸಿಯಾಂತಾರ್, ೨ ನವೆಂಬರ್ ೧೯೮೭

ಮಗಳೇ,

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಚಹಾ ಎಲ್ಲಿ ಕೂತಿರುತ್ತೋ ಅಲ್ಲಿ ಕೆಟ್ಟಿದೆ. ಉಗ್ರಾಣದವನು ಯಾರು? ಆ ಮುದುಕ. ಅವನನ್ನು ಸಾಲಿನ ಮುಂದೆ ಕರೆದು ಎಲ್ಲರ ಎದುರಿಗೆ ಕೇಳು. ಕೋಣೆಯಲ್ಲಿ ಕೇಳಿದರೆ ಜನ ನುಣುಚಿಕೊಳ್ತಾರೆ, ಬಯಲಲ್ಲಿ ಕೇಳಿದರೆ ಬಾಯಿ ಬಿಡಲೇಬೇಕು. ಬಿಡದಿದ್ದರೆ ಅದೇ ಉತ್ತರ ಅಂತ ತಿಳಕೋ.

ಹೆಡ್ಡಾಫೀಸಿಗೆ ವಿವರಣೆ ಬೇಡ, ಒಂದು ಹೆಸರು ಬೇಕು. ಕಾರಣ ಬರೆದರೆ ಮರುಪ್ರಶ್ನೆ ಬರುತ್ತೆ. ಹೆಸರು ಬರೆದರೆ ಫೈಲು ಮುಚ್ಚುತ್ತಾರೆ. ನೆನಪಿದೆಯಾ, ಎಪ್ಪತ್ತೊಂಬತ್ತರಲ್ಲಿ ತೂಕ ಕಡಿಮೆ ಬಂದಾಗ ತಕ್ಕಡಿಯ ಜಿಂತಾರ್‌ನ ಹೆಸರು ಬರೆದೆ. ಎರಡು ವಾರದಲ್ಲಿ ಎಲ್ಲ ಮುಗೀತು, ಕಾರ್ಖಾನೆ ನೆಟ್ಟಗೆ ನಡೀತು. ಮುಖ್ಯಸ್ಥನಿಗೆ ಕೈ ನಡುಗಬಾರದು.

ಬೇಗ ಮಾಡು. ತಡ ಮಾಡಿದರೆ ಅವರು ನಿನ್ನ ಹೆಸರನ್ನೇ ಬರೆದುಕೊಳ್ತಾರೆ.

ಮರುದುತ್


ಸೋಲೊ, ೯ ಡಿಸೆಂಬರ್ ೧೯೮೭

ತುಲಾಂಗ್,

ನೀವು ಹೇಳಿದ ಹಾಗೆ ಮಾಡಿದೆ. ನವೆಂಬರ್ ಹದಿನೇಳು, ಮಂಗಳವಾರ.

ಹೆಸರು ಹಿಡಿದು ಕರೆದೆ. ಬಂದು ಮುಂದೆ ನಿಂತ. ಕೈ ಮುಂದೆ ಕಟ್ಟಿಕೊಂಡಿದ್ದ, ಅಂಗಿಗೆ ಇಸ್ತ್ರಿ ಇತ್ತು. ಅವನ ಅಂಗಿಗೆ ದಿನಾ ಇಸ್ತ್ರಿ ಇರುತ್ತೆ.

"ಪಾ ಕರ್ಸಿಮಾನ್, ಚಹಾ ಕೆಟ್ಟದ್ದು ನಿಮ್ಮ ಉಗ್ರಾಣದಲ್ಲಿ ತಾನೇ?"

"ಹೌದು ಬು."

"ಹೇಗೆ ಕೆಟ್ಟಿತು?"

ನಕ್ಕ. ನಮ್ಮೂರಲ್ಲಿ ಆ ಹೊತ್ತಿಗೆ ನಕ್ಕರೆ ಹೊಡೆದಾಟ ಆಗುತ್ತೆ.

"ನಗ್ತೀರಾ? ಇಪ್ಪತ್ತಾರು ವರ್ಷ ಅನ್ನ ತಿಂದ ಜಾಗ ಇದು. ನಗು ಬರುತ್ತಾ ನಿಮಗೆ?"

"ತಪ್ಪು ನನ್ನದೇ ಬು. ಕ್ಷಮಿಸಿ."

ನಾನು ಗೆದ್ದೆ ಅಂದುಕೊಂಡು ಅವತ್ತೇ ವರದಿ ಬರೆದೆ.

ಮಾರನೇ ದಿನದಿಂದ ಅವನು ಬರಲಿಲ್ಲ. ಬೆನ್ನುನೋವು ಅಂತ ಹೇಳಿ ಕಳಿಸಿದ. ಅವನ ಸ್ಟೂಲಿನ ಮೇಲೆ ಯಾರೂ ಕೂರುವುದಿಲ್ಲ, ದಿನಾ ಒರೆಸಿ ಮಾತ್ರ ಇಡುತ್ತಾರೆ. ನಾನು ಶೆಡ್ಡಿಗೆ ಕಾಲಿಟ್ಟರೆ ಸಾಕು, ಹೆಂಗಸರ ಮಾತು ನಿಲ್ಲುತ್ತೆ. ಎಲ್ಲರೂ ತಲೆ ಬಾಗಿಸಿ ನಮಸ್ಕಾರ ಹೇಳುತ್ತಾರೆ, ಮೊದಲಿಗಿಂತ ಹೆಚ್ಚು ಬಾಗಿಸಿ. ಲೆಕ್ಕ ಹಾಕಿದೆ. ಮೂರು ವಾರದಲ್ಲಿ ಕೆಲಸಕ್ಕೆ ಬೇಕಾದ್ದು ಬಿಟ್ಟು ಒಂದೇ ಒಂದು ಮಾತು ಯಾರೂ ನನ್ನ ಹತ್ತಿರ ಆಡಿಲ್ಲ.

ನಿನ್ನೆ ಹೆಡ್ಡಾಫೀಸಿನಿಂದ ಉತ್ತರ ಬಂತು. ಜನವರಿ ಮೂವತ್ತೊಂದಕ್ಕೆ ಕರ್ಸಿಮಾನ್ ವಜಾ. ಪಿಂಚಣಿ ಇಲ್ಲ. ಅವನಿಗೆ ನಿವೃತ್ತಿಗೆ ಉಳಿದಿದ್ದದ್ದು ನಾಲ್ಕು ವರ್ಷ.

ಇನ್ನೊಂದು ವಿಷಯ. ಅವನು ಹೋಗಿ ಮೂರು ವಾರ ಆಯಿತು. ಮೊನ್ನೆ ಮತ್ತೆ ಮಾಲು ವಾಪಸ್ ಬಂತು. ಅದೇ ಮುಗ್ಗಲು.

ತುಲಾಂಗ್, ಜಿಂತಾರ್ ಆಮೇಲೆ ಏನಾದ? ನೀವು ಅದನ್ನು ಬರೆಯಲಿಲ್ಲ.

ರೊತುವಾ


ಸಿಯಾಂತಾರ್, ೨೨ ಡಿಸೆಂಬರ್ ೧೯೮೭

ಮಗಳೇ,

ಕ್ರಿಸ್‌ಮಸ್ ಶುಭಾಶಯ. ಇಲ್ಲಿ ಚಳಿ ಇದೆ. ಮೀನು ಬಲು ತುಟ್ಟಿ.

ಜಿಂತಾರ್ ಚೆನ್ನಾಗಿದ್ದಾನೆ, ಮಾರುಕಟ್ಟೆಯ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇದೆ. ಹಳೇ ವಿಷಯ ಕೆದಕಬೇಡ. ಬರೆದದ್ದು ಬರೆದಾಯಿತು. ಇಂಥ ಹೊತ್ತಿನಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟರೆ ನಾಳೆಯಿಂದ ಯಾರೂ ನಿನ್ನ ಮಾತು ಕೇಳಲ್ಲ.

ಮರುದುತ್


ಸೋಲೊ, ೧೮ ಜನವರಿ ೧೯೮೮

ತುಲಾಂಗ್,

ನಿಮ್ಮ ಪತ್ರ ತುಂಬ ಚಿಕ್ಕದಿತ್ತು. ನೀವು ಇಷ್ಟು ಕಡಿಮೆ ಮಾತಾಡಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಕಂಡಿಲ್ಲ.

ಹೊಸ ವರ್ಷದ ಮಾರನೇ ದಿನ ಬು ತುಗಿನೆಮ್ ಅಂಟು ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತಳು. ಅಂಟು ತೆಗೆದುಕೊಂಡಳು, ಹೋಗಲಿಲ್ಲ. "ಪಾ ಕರ್ಸಿಮಾನ್ ಮನೆ ಪಂಜರದ ಬೆಳವ ಈಗ ಬಹಳ ಚೆನ್ನಾಗಿ ಹಾಡುತ್ತಂತೆ ಬು" ಅಂದಳು. "ಬು ಇನ್ನೂ ಕೇಳಿಲ್ಲವೇನೋ." ಅಷ್ಟೇ ಹೇಳಿ ಹೋದಳು. ಅವಳು ನನ್ನನ್ನು ಅವನ ಮನೆಗೆ ಕಳಿಸುತ್ತಿದ್ದಾಳೆ ಅಂತ ಅರ್ಥವಾಗೋಕೆ ಎರಡು ದಿನ ಹಿಡಿಯಿತು.

ಭಾನುವಾರ ಚರ್ಚು ಮುಗಿಸಿಕೊಂಡು ಹೋದೆ. ಅವನ ಹೆಂಡತಿ ಚಹಾ ತಂದಿಟ್ಟಳು. ನಾನು ತಕ್ಷಣ ಎತ್ತಿ ಕುಡಿದುಬಿಟ್ಟೆ. ಕುಡೀರಿ ಅಂತ ಮನೆಯವರು ಎರಡು ಮೂರು ಸಲ ಹೇಳುವವರೆಗೆ ಇಲ್ಲಿ ಯಾರೂ ಲೋಟ ಮುಟ್ಟುವುದಿಲ್ಲವಂತೆ. ಆಮೇಲೆ ನೇರವಾಗಿ ಕೇಳಿದೆ, "ಪಾ, ನಿಜ ಹೇಳಿ, ಯಾಕೆ ಕೆಟ್ಟಿತು?" ಅವನು ಪಂಜರದ ಕಡೆ ತಿರುಗಿ, "ಇವನಿಗೆ ಸಣ್ಣ ಅಕ್ಕಿ ಅಂದರೆ ಆಗಲ್ಲ ಬು, ಕಪ್ಪು ನವಣೆಯೇ ಬೇಕು" ಅಂದ. ಒಂದು ಗಂಟೆ ಹಕ್ಕಿಯ ಮಾತು. ಬರಿಗೈಯಲ್ಲಿ ಬಂದೆ.

ಎರಡನೇ ಸಲ ಬುಧವಾರ ಹೋದೆ. ಕಪ್ಪು ನವಣೆ ಕೊಂಡುಹೋಗಿದ್ದೆ. ಕೇಳಿದೆ, ಈ ಸಲ ಮೆಲ್ಲಗೆ. "ಏನೂ ಇಲ್ಲ ಬು, ವಯಸ್ಸಾಯ್ತು ನನಗೆ" ಅಂದ.

ಮೂರನೇ ಸಲ ನಿನ್ನೆ ಹೋದೆ. ಕೇಳುವ ಶಕ್ತಿಯೇ ಇರಲಿಲ್ಲ. ಸುಮ್ಮನೆ ಕೂತೆ. ಲೋಟ ಮುಟ್ಟಲಿಲ್ಲ. ಮಳೆ ಬಂತು, ನಿಂತಿತು. ಹಕ್ಕಿ ಒಂದು ಸಲವೂ ಹಾಡಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತಿದ್ದಿಲ್ಲ, ತುಲಾಂಗ್. ಅರ್ಧ ಗಂಟೆಯಾದ ಮೇಲೆ ಅವನೇ ಶುರುಮಾಡಿದ.

"ಬು, ತಾವು ಬಂದ ಮೊದಲನೇ ದಿನ ಚೀಲಗಳನ್ನು ಪಡುವಣ ಗೋಡೆಗೆ ಒತ್ತಿಡಿ ಅಂದಿರಿ."

"ಹೌದು."

"ಆ ಗೋಡೆ ಮಳೆಗಾಲದಲ್ಲಿ ಬೆವರುತ್ತೆ."

ಚಹಾ ಕೆಡಿಸಿದ್ದು ನನ್ನ ಆಜ್ಞೆ.

"ಯಾರಿಗೆಲ್ಲ ಗೊತ್ತಿತ್ತು ಪಾ?"

"ಎಲ್ಲರಿಗೂ ಬು. ಅದಕ್ಕೇ ಇಷ್ಟು ವರ್ಷ ಚೀಲ ನಡುವೆ ಇಟ್ಟಿದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

ಅವನ ಹೆಂಡತಿ ಮಧ್ಯೆ ಬಂದಳು. "ತಾವು ಎಲ್ಲರ ಎದುರಿಗೆ ಹೇಳಿದ್ದಿರಲ್ಲ ಬು. ಹೊಸಬರು, ಅಷ್ಟು ದೂರದಿಂದ ಬಂದವರು. ಮೊದಲನೇ ದಿನವೇ ತಮ್ಮ ಮಾತು ತಪ್ಪು ಅಂತ ಎಲ್ಲರ ಎದುರಿಗೆ ಹೇಳೋದು ಹೇಗೆ? ತಮಗೆ ನಾಚಿಕೆಯಾಗಲ್ಲವಾ?"

ಅರವತ್ತೆರಡು ಜನ ಸೇರಿ ನನ್ನ ಮಾನ ಕಾಯುತ್ತಿದ್ದರು, ತುಲಾಂಗ್. ನಾನು ಅವನ ಮಾನವನ್ನು ಸಾಲಿನ ಮುಂದೆ ನಿಲ್ಲಿಸಿ ತೆಗೆದೆ, ಆಗಲೂ ಅವನು ಬಾಯಿ ಬಿಡಲಿಲ್ಲ. ಆ ನಗು ನನ್ನನ್ನು ಅಣಕಿಸಿದ್ದಲ್ಲ. ನನಗೋಸ್ಕರ ನಾಚಿಕೊಂಡಿದ್ದ.

ಎದ್ದು ಬರುವಾಗ, ನಾಳೆ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಅಂದೆ. ಮುದುಕ ಗಾಬರಿಯಾಗಿ ಎದ್ದುನಿಂತ. "ಬೇಡ ಬು, ದಯವಿಟ್ಟು. ಅವರು ಎಲ್ಲಿ ನೋಡಬೇಕು ಆಗ? ಚೀಲ ಸರಿಸಿದರೆ ಸಾಕು." ವಜಾ ಕಾಗದದ ಮಾತನ್ನು ಅವನೂ ಎತ್ತಲಿಲ್ಲ, ಅವನ ಹೆಂಡತಿಯೂ ಎತ್ತಲಿಲ್ಲ. ಆ ಕಾಗದ ಹಕ್ಕಿಯ ಪಂಜರದ ಕೆಳಗೆ ಮಡಿಸಿಟ್ಟಿತ್ತು. ಹೆಡ್ಡಾಫೀಸಿನ ಲಕೋಟೆ ನನಗೆ ಗೊತ್ತಾಗಲ್ಲವೇ?

ಇವತ್ತು ಹದಿನೆಂಟು. ಅವನಿಗೆ ಹದಿಮೂರು ದಿನ ಇದೆ. ಆ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಅಲ್ಲಿ ಇನ್ನೊಂದು ಹೆಸರು ಹಾಕಲೇಬೇಕು, ಅದು ಯಾವುದು ಅಂತ ನಿಮಗೆ ಗೊತ್ತು. ಈ ಕಂಪನಿಯಲ್ಲಿ ಶೆಡ್ಡಿನ ಮುಖ್ಯಸ್ಥೆಯಾದ ಮೊದಲ ಹೆಂಗಸು ನಾನು. ಎರಡನೆಯವಳನ್ನು ಮಾಡುವ ಮುಂಚೆ ಅವರು ನನ್ನನ್ನು ನೆನೆಸಿಕೊಳ್ಳುತ್ತಾರೆ.

ಈ ಪತ್ರ ನಿಮಗೆ ಮುಟ್ಟುವಷ್ಟರಲ್ಲಿ ನಾನು ಬರೆದಿರುತ್ತೇನೆ, ಇಲ್ಲ ಬಿಟ್ಟಿರುತ್ತೇನೆ. ಹಾಗಾಗಿ ಸಲಹೆ ಬೇಡ.

ರೊತುವಾ


ಸಿಯಾಂತಾರ್, ೩೦ ಜನವರಿ ೧೯೮೮

ರೊತುವಾ,

ಸಲಹೆ ಕೊಡುತ್ತಿಲ್ಲ. ಕೊಡುವ ಯೋಗ್ಯತೆಯೂ ಇಲ್ಲ. ಇದು ವರದಿ.

ಜಿಂತಾರ್ ಚೆನ್ನಾಗಿದ್ದಾನೆ ಅಂತ ಬರೆದೆನಲ್ಲ, ನನಗೆ ಗೊತ್ತಿರಲಿಲ್ಲ. ಅವನ ಅಂಗಡಿ ಮಾರುಕಟ್ಟೆಯ ಮೂಲೆಯಲ್ಲಿದೆ. ಒಂಬತ್ತು ವರ್ಷದಿಂದ ನಾನು ಮಾರುಕಟ್ಟೆಗೆ ಚರ್ಚಿನ ಹಿಂದಿನ ದಾರಿಯಲ್ಲಿ ಹೋಗುತ್ತೇನೆ. ನಾನೂರು ಹೆಜ್ಜೆ ಜಾಸ್ತಿ.

ಎಪ್ಪತ್ತೊಂಬತ್ತರಲ್ಲಿ ತಕ್ಕಡಿಯ ಸ್ಪ್ರಿಂಗು ಸಡಿಲವಾಗಿತ್ತು. ಜಿಂತಾರ್ ನನಗೆ ಮೂರು ಸಲ ಹೇಳಿದ. ನಿನ್ನ ಜಾವಾದವರ ಹಾಗೆ ಹಕ್ಕಿ ಮುಂದಿಟ್ಟುಕೊಂಡಲ್ಲ, ಸಾಲಿನಲ್ಲಿ ನಿಂತು ಬಾಯಿ ಹರಿಯುವ ಹಾಗೆ ಕೂಗಿ ಹೇಳಿದ. ನಾನು ಅವನಿಗಿಂತ ಗಟ್ಟಿಯಾಗಿ ಕೂಗಿದೆ. ನಮ್ಮೂರಲ್ಲಿ ಸತ್ಯ ಹೇಳುವುದು ಸುಲಭ, ಅದನ್ನು ಮುಳುಗಿಸುವುದೂ ಸುಲಭ. ಸ್ಪ್ರಿಂಗು ಬದಲಾದದ್ದು ಅವನು ಹೋದ ಆರು ತಿಂಗಳಿಗೆ. ಕಾರ್ಖಾನೆ ನೆಟ್ಟಗೆ ನಡೀತು ಅಂದೆನಲ್ಲ, ಅದು ಸ್ಪ್ರಿಂಗಿನ ಕೆಲಸ.

ನಿನ್ನ ಪತ್ರ ಬಂದ ದಿನ ಆ ಹತ್ತೊಂಬತ್ತು ನೋಟುಬುಕ್ಕುಗಳನ್ನು ಇಳಿಸಿಕೊಂಡೆ. ನಾನು ಹೇಳಿದ್ದೆಲ್ಲ ಇದೆ. ಸಾಲಿನವರು ಹೇಳಿದ್ದು ಎಷ್ಟಿದೆ ಅಂತ ಎಣಿಸಿದೆ. ಹನ್ನೊಂದು ಕಡೆ. ಅದರಲ್ಲಿ ನಾಲ್ಕು "ಒಬ್ಬ ಜೋಕು ಹೇಳಿದ, ಎಲ್ಲರೂ ನಕ್ಕರು" ಅಂತ. ಮನೆಗೆ ಜನ ಬರುತ್ತಾರೆ ಅಂದಿದ್ದೆನಲ್ಲ, ಅದೂ ಸುಳ್ಳು. ಬರುವವನು ಪೋಸ್ಟ್‌ಮ್ಯಾನ್ ಒಬ್ಬನೇ, ಅವನೂ ಗೇಟಿನಿಂದಾಚೆ.

ಮಾರನೇ ದಿನ ಅವನ ಅಂಗಡಿಯ ಮುಂದಿನ ದಾರಿಯಲ್ಲಿ ಹೋದೆ. ಜಿಂತಾರ್ ಟ್ಯೂಬು ನೀರಿಗೆ ಅದ್ದಿ ಕೂತಿದ್ದ. ತಲೆ ಎತ್ತಿದ.

"ಏ ಮರುದುತ್! ಒಂಬತ್ತು ವರ್ಷಕ್ಕೆ ದಾರಿ ನೆನಪಾಯ್ತಾ ಮುದಿಯಾ?"

ಅಲ್ಲಿಂದ ಶುರು. ನನ್ನ ಅಪ್ಪ, ನನ್ನ ಮೂಗು, ನನ್ನ ಸಾಲು, ನನ್ನ ಆರನೇ ಕ್ಲಾಸು, ಯಾವುದನ್ನೂ ಬಿಡಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು, ಅವನು ಮರೆತದ್ದನ್ನು ಜ್ಞಾಪಿಸಿದಳು. ಮಗಳ ಓದು ನಿಂತದ್ದು ಆ ವರ್ಷವೇ ಅಂತೆ. ಅದು ನನಗೆ ತಿಳಿದಿರಲಿಲ್ಲ. ಬಾಳೆಹಣ್ಣಿನವಳು ವ್ಯಾಪಾರ ಬಿಟ್ಟು ನಿಂತಳು. ನಲವತ್ತು ನಿಮಿಷ. ಬಾಯಿಗೆ ಹತ್ತು ಉತ್ತರ ಬಂದವು, ಎಂಥ ಒಳ್ಳೊಳ್ಳೇ ಉತ್ತರಗಳು ಗೊತ್ತಾ! ಹತ್ತನ್ನೂ ನುಂಗಿದೆ. ಕೊನೆಗೆ ಅವನ ಗಂಟಲು ಒಣಗಿತು. ಹೆಂಡತಿ ನೀರು ತಂದಳು. ಅವನು ಕುಡಿದ. ನನಗೆ ಕೊಡಲಿಲ್ಲ.

"ಸ್ಪ್ರಿಂಗು ಸಡಿಲ ಇತ್ತು. ನೀನು ಹೇಳಿದ್ದೆ" ಅಂದೆ. ಅಷ್ಟೇ. ಅವನು ಮತ್ತೆ ಟ್ಯೂಬು ನೀರಿಗೆ ಅದ್ದಿದ.

ಕ್ಷಮಿಸಿದ ಅಂತೇನೂ ಬರೆಯೋಕೆ ಬರಲ್ಲ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಕೂರಬೇಕಾಯಿತು. ಕೇಳಿಸಿಕೊಳ್ಳುವುದು ಇಷ್ಟು ಭಾರದ ಕೆಲಸ ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದಿರಬಹುದು. ನಾನು ಬರೆದುಕೊಂಡಿಲ್ಲ.

ನಿನ್ನ ತುಲಾಂಗ್


ಸೋಲೊ, ೧೬ ಫೆಬ್ರವರಿ ೧೯೮೮

ತುಲಾಂಗ್,

ಜನವರಿ ಹತ್ತೊಂಬತ್ತಕ್ಕೇ ಟೆಲಿಗ್ರಾಂ ಕೊಟ್ಟೆ, ಹಿಂದೆಯೇ ಪತ್ರ. "ಚೀಲ ಸರಿಸಲು ಆಜ್ಞೆ ಮಾಡಿದವಳು ನಾನು. ಉಗ್ರಾಣದವರು ಪಾಲಿಸಿದರು. ಮೊದಲ ವರದಿ ತಪ್ಪು." ಇದಕ್ಕಿಂತ ಉದ್ದ ಬರೆಯಲಿಲ್ಲ.

ಕರ್ಸಿಮಾನ್‌ನ ವಜಾ ರದ್ದಾಯಿತು. ಮೂವತ್ತನೇ ತಾರೀಕು ಸಂಜೆ ಆದೇಶ ಬಂತು, ಒಂದು ದಿನ ಬಾಕಿ ಇದ್ದಾಗ. ಫೆಬ್ರವರಿ ಒಂದಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಬೆನ್ನು ಹೇಗಿದೆ ಪಾ ಅಂದೆ. ವಾಸಿಯಾಯ್ತು ಬು ಅಂದ. ನಾವಿಬ್ಬರೂ ಆ ಬೆನ್ನುನೋವನ್ನು ಬಹಳ ಮರ್ಯಾದೆಯಿಂದ ನಡೆಸಿಕೊಂಡೆವು.

ನನ್ನದು ಎಂಟನೇ ತಾರೀಕು ಬಂತು. ಜಕಾರ್ತಾಕ್ಕೆ ವರ್ಗ, ಚಹಾ ರುಚಿ ನೋಡುವ ವಿಭಾಗದಲ್ಲಿ ಗುಮಾಸ್ತೆ. ನನ್ನ ಕೈಕೆಳಗೆ ಒಬ್ಬರೂ ಇಲ್ಲ. ಇವತ್ತು ಬೆಳಿಗ್ಗೆಯದು ಇಲ್ಲಿ ನನ್ನ ಕೊನೆಯ ಸಾಲು.

ಮುದುಕನ ಮಾತು ನಡೆಸಿಕೊಟ್ಟಿದ್ದೆ. ತಪ್ಪೊಪ್ಪಿಗೆಯ ಭಾಷಣ ಮಾಡಲಿಲ್ಲ. ಹಿಂದಿನ ತಿಂಗಳೇ, "ಇನ್ನು ಚೀಲಗಳು ಉಗ್ರಾಣದ ನಡುವೆ ಇರಲಿ" ಅಂತ ಒಂದೇ ಮಾತು ಹೇಳಿದ್ದೆ. "ಆಗಲಿ ಬು" ಅಂದಿದ್ದರು. ಅದರಾಚೆ ಅವರಿಗೆ ಎಷ್ಟು ಗೊತ್ತು ಅಂತ ನನಗೆ ಗೊತ್ತಿಲ್ಲ. ಎಲ್ಲವೂ ಗೊತ್ತಿರಬೇಕು.

ಇವತ್ತೂ ಹೇಳೋದು ಹೆಚ್ಚೇನೂ ಇರಲಿಲ್ಲ. ನಾನು ಹೋಗುತ್ತಿದ್ದೇನೆ ಅಂದೆ, ಎಲ್ಲರೂ ನೆಲ ನೋಡಿದರು. ನಾಳೆಯಿಂದ ಲಾರಿ ಒಂಬತ್ತಕ್ಕೆ ಬರುತ್ತೆ, ಪೆಟ್ಟಿಗೆಗಳು ಅಷ್ಟರೊಳಗೆ ಬಾಗಿಲಿಗೆ ಬಂದಿರಬೇಕು ಅಂದೆ. "ಆಗಲಿ ಬು" ಬಂತು. ಆರು ತಿಂಗಳ ಹಿಂದಾಗಿದ್ದರೆ ಅಲ್ಲಿಗೆ ಮುಗಿಸಿ ಒಳಗೆ ಹೋಗುತ್ತಿದ್ದೆ. ಸುಸ್ತಿಗೋ ಏನೋ, ಸುಮ್ಮನೆ ನಿಂತೆ. ಅವರೂ ನಿಂತರು. ಹತ್ತು ನಿಮಿಷ ದಾಟಿರಬೇಕು. ಯಾರೂ ಕಾಲು ಬದಲಿಸಲಿಲ್ಲ.

"ಬು..." ಎರಡನೇ ಸಾಲಿನಿಂದ ತುಗಿನೆಮ್‌ನ ದನಿ. ಅಕ್ಕಪಕ್ಕದವರು ಅವಳಿಂದ ಅರ್ಧ ಹೆಜ್ಜೆ ಸರಿದರು. ಅವಳ ಕಿವಿ ಕೆಂಪಾಗಿತ್ತು.

"ಒಂಬತ್ತಕ್ಕೆ ಆಗಲ್ಲ ಬು. ಅಂಟು ಒಣಗಿರಲ್ಲ."

"ಎಷ್ಟಕ್ಕೆ ಆಗುತ್ತೆ?"

"ಹತ್ತಕ್ಕೆ."

"ಸರಿ, ಹತ್ತು" ಅಂದೆ. ಎಲ್ಲರೂ ಕೆಲಸಕ್ಕೆ ಹೋದರು.

ರೊತುವಾ